ಚೀನೀ ಭಾಷಿಕರಿಗೆ ಇಂಗ್ಲಿಷ್ ಕಲಿಸುವವರಿಗೆ: ‘ಕೋಲ್ಡ್’ ಬೇರೆ, ‘ಕಾಮ್’ ಬೇರೆ
ಮ್ಯಾಂಡರಿನ್‌ನಲ್ಲಿ ಶಾಂತವಾಗಿ, ವಿವೇಚನೆಯಿಂದ ಇರುವುದಕ್ಕೆ ‘ಲೆಂಗ್‌ಜಿಂಗ್’ ಎನ್ನುತ್ತಾರೆ. ಲೆಂಗ್ ಎಂದರೆ ತಣ್ಣಗೆ, ಜಿಂಗ್ ಎಂದರೆ ನಿಶ್ಶಬ್ದ. (ತಲೆ ತಣ್ಣಗಿಟ್ಟುಕೋ ಎನ್ನುವ ನಮಗೆ ಇದೇನೂ ಹೊಸದಲ್ಲ.) ಇದನ್ನೇ ನಂಬಿ ಕಲಿಯುವವರು ಹೊಗಳಲು ಹೋಗಿ ‘ಶೀ ಈಸ್ ಕೋಲ್ಡ್’ ಅಂದರೆ, ಇಂಗ್ಲಿಷ್ ಕಿವಿಗೆ ಅದು ‘ಮಮತೆಯಿಲ್ಲದವಳು’ ಎಂದು ಕೇಳಿಸುತ್ತದೆ. ಆ ಅರ್ಥಕ್ಕೆ ಅವರಲ್ಲಿ ‘ಲೆಂಗ್‌ದಾನ್’ ಇದೆ. ಹಾಗಾಗಿ ಜೋಡಿಯಾಗಿಯೇ ಬರೆಸಿ: ಲೆಂಗ್‌ಜಿಂಗ್‌ಗೆ ಕಾಮ್, ಲೆಂಗ್‌ದಾನ್‌ಗೆ ಕೋಲ್ಡ್.

‘ಕೂಲ್’ ಇನ್ನೂ ಜಾರು ನೆಲ. ‘ಸ್ಟೇ ಕೂಲ್’ ಎಂದರೆ ಸಮಾಧಾನ, ‘ಎ ಕೂಲ್ ರಿಸೆಪ್ಶನ್’ ಎಂದರೆ ಅಸಡ್ಡೆಯ ಸ್ವಾಗತ. ‘ಹೀ ಈಸ್ ಕೂಲ್’ ಸಾಮಾನ್ಯವಾಗಿ ಮೆಚ್ಚುಗೆ. ಈ ಅರ್ಥವನ್ನು ಚೀನೀಯರೂ ‘ಕು’ ಎಂದು ಸದ್ದಿನ ಸಮೇತ ಎರವಲು ಪಡೆದಿದ್ದಾರೆ. ಬಿಡಿ ಪದ ಬಾಯಿಪಾಠ ಮಾಡಿಸಬೇಡಿ, ಇಡೀ ಪದಗುಚ್ಛ ಕೊಡಿ.

ಹವಾಮಾನಕ್ಕೆ ಬಂದರೆ, ಹಿತವಾದ ತಂಪಿಗೆ ‘ಕೂಲ್’ (ಅವರ ‘ಲ್ಯಾಂಗ್‌ಕ್ವಾಯ್’), ಮೈ ಮುದುಡಿಸುವ ತಂಪಿಗೆ ‘ಚಿಲ್ಲಿ’. ‘ವೊ ಹೆನ್ ಲೆಂಗ್’ (ನನಗೆ ತುಂಬಾ ಚಳಿ) ಎಂಬ ಅವರ ವಾಕ್ಯದಲ್ಲಿ ‘ಆ್ಯಮ್’ಗೆ ಸಮನಾದ ಪದವೇ ಇಲ್ಲ; ‘ಐ ವೆರಿ ಕೋಲ್ಡ್’ ಹುಟ್ಟುವುದು ಅಲ್ಲಿಂದಲೇ. ‘ಐ ಹ್ಯಾವ್ ಎ ಕೋಲ್ಡ್’ ಎಂದರೆ ಚಳಿಯಲ್ಲ, ನೆಗಡಿ.