ನೋಸ್ ವೀಲ್ ಮುರಿದ ತರಬೇತಿ ವಿಮಾನ: ಕಾರಣ ಪತ್ತೆ ಮಾಡಿದ ನನ್ನ ಅನುಭವ

ಪುಣೆ ಜಿಲ್ಲೆಯ ಒಂದು ಸಣ್ಣ ವಿಮಾನನೆಲೆಯಲ್ಲಿ ನಾನು ತರಬೇತಿ ವಿಮಾನಗಳ ನಿರ್ವಹಣಾ ಎಂಜಿನಿಯರ್ ಆಗಿದ್ದೆ. ಒಂದು ಬೆಳಿಗ್ಗೆ ಇಳಿಯುತ್ತಿದ್ದ ಸೆಸ್ನಾ 172 ವಿಮಾನದ ನೋಸ್ ವೀಲ್ (ಮೂತಿಯ ಕೆಳಗಿನ ಗಾಲಿ) ಅಡ್ಡ ತಿರುಗಿ, ಅದನ್ನು ಹಿಡಿದಿದ್ದ ಫೋರ್ಕ್ ಮುರಿಯಿತು. ಮೂತಿ ಕುಸಿದು, ಪ್ರೊಪೆಲ್ಲರ್ ರನ್‌ವೇಗೆ ಬಡಿದು ವಿಮಾನ ನಿಂತಿತು. ಒಬ್ಬನೇ ಹಾರಿಸುತ್ತಿದ್ದ ವಿದ್ಯಾರ್ಥಿಗೆ ಗಾಯವಾಗಲಿಲ್ಲ. ಆದರೆ ನಾವು ಅಲ್ಲಿಗೆ ತಲುಪುವಷ್ಟರಲ್ಲೇ ‘ಹಾರ್ಡ್ ಲ್ಯಾಂಡಿಂಗ್’, ಅಂದರೆ ವಿದ್ಯಾರ್ಥಿ ವಿಮಾನವನ್ನು ಜೋರಾಗಿ ಇಳಿಸಿದ, ಎಂಬ ಮಾತು ಹ್ಯಾಂಗರಿನ ತುಂಬ ಹಬ್ಬಿತ್ತು. ಧಾರವಾಡದ ಕಡೆಯ ಆ ಹುಡುಗ ನನ್ನ ಕನ್ನಡ ಕೇಳಿದ್ದೇ ತಡ, “ಸರ್, ನಾ ಜೋರಾಗಿ ಇಳಿಸಿಲ್ರಿ. ಮುಂದಿನ ಗಾಲಿ ನೆಲಕ್ಕ ಹತ್ತಿದ ಕೂಡಲೇ ಪೆಡಲ್ ಗಡಗಡ ನಡುಗಿದ್ವು” ಎಂದ.

ಇಂಧನದ ಸೆಲೆಕ್ಟರ್, ಮಾಸ್ಟರ್ ಸ್ವಿಚ್, ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊಗಳು ಆಫ್ ಆಗಿವೆಯೇ ಎಂದು ಮೊದಲು ನೋಡಿ, ಬ್ಯಾಟರಿಯ ತಂತಿ ಬಿಚ್ಚಿದೆ. ಅಷ್ಟಕ್ಕೇ ಕೈ ತಡೆದೆವು. ಜನರನ್ನು ಹೊರತರುವುದು, ಬೆಂಕಿ ತಡೆಯುವುದು ಮುಂತಾದ ತುರ್ತು ಅಗತ್ಯಗಳನ್ನು ಬಿಟ್ಟರೆ, ತನಿಖಾ ಅಧಿಕಾರಿಗಳ ಅನುಮತಿ ಇಲ್ಲದೆ ವಿಮಾನವನ್ನು ಕದಲಿಸುವಂತಿಲ್ಲ. ಅನುಮತಿ ಬರುವವರೆಗೆ ನಾನು ರನ್‌ವೇಯ ಮೇಲೆ ನಡೆಯುತ್ತ ಫೋಟೊ ತೆಗೆದೆ. ನನಗೆ ಹೆಚ್ಚು ತಿಳಿದದ್ದು ಅಲ್ಲಿಯೇ. ಹಿಂದಿನ ಎರಡು ಗಾಲಿಗಳ ಗುರುತು ತೆಳುವಾಗಿ, ನೇರವಾಗಿತ್ತು. ನೋಸ್ ವೀಲ್‌ನ ಗುರುತು ಮಾತ್ರ ಹಾವು ಹರಿದಂತೆ ಎಡಬಲಕ್ಕೆ ತೂಗಾಡಿ, ಮುಂದೆ ಹೋದಂತೆ ಇನ್ನೂ ಅಗಲವಾಗಿ, ಕೊನೆಗೆ ಲೋಹ ಉಜ್ಜಿದ ಗೀರಾಗಿತ್ತು. ಅಕ್ಕಲಕೋಟೆಯ ನಮ್ಮ ಟೆಕ್ನಿಷಿಯನ್ ಒಬ್ಬರು ಮುರಿದ ಬೋಲ್ಟಿನ ತಲೆಯನ್ನು ಕಂಡರು. ಅದು ಬಿದ್ದಿದ್ದ ಜಾಗ, ಪ್ರೊಪೆಲ್ಲರ್ ಡಾಂಬರನ್ನು ಕಡಿದ ಮೊದಲ ಗುರುತಿಗಿಂತ ಬಹಳ ಹಿಂದೆ ಇತ್ತು. ಅಂದರೆ ಮೂತಿ ಕುಸಿಯುವುದಕ್ಕೆ ಮುಂಚೆಯೇ ಬೋಲ್ಟ್ ಮುರಿದಿತ್ತು.

ಅದು ಟಾರ್ಕ್ ಲಿಂಕ್‌ನ ಬೋಲ್ಟ್. ನೋಸ್ ವೀಲ್‌ನ ಸ್ಟ್ರಟ್ (ಹೊಡೆತ ಹೀರುವ ಕಂಬ) ಮೇಲೆ ಕೆಳಗೆ ಜಾರಬೇಕು, ಆದರೆ ಗಾಲಿ ತನ್ನಷ್ಟಕ್ಕೆ ತಿರುಗಬಾರದು. ಆ ಕೆಲಸ ಈ ಲಿಂಕ್‌ನದು. ಮುರಿದ ಮುಖವನ್ನು ಒರೆಸಲಿಲ್ಲ, ಮುಟ್ಟಲಿಲ್ಲ. ಎಷ್ಟೇ ಆಸೆಯಾದರೂ ಎರಡು ತುಂಡುಗಳನ್ನು ಜೋಡಿಸಿ ನೋಡಬಾರದು, ಯಾಕೆಂದರೆ ಸಾಕ್ಷಿಯೆಲ್ಲ ಆ ಮುಖದ ಮೇಲೆಯೇ ಇರುತ್ತದೆ. ಭೂತಗನ್ನಡಿಯಲ್ಲಿ ಕಂಡದ್ದು ಇಷ್ಟು: ಒಂದು ಅಂಚಿನಿಂದ ಹೊರಟ ನುಣುಪಾದ ಭಾಗ, ಅದರ ಮೇಲೆ ಒಂದರ ಹೊರಗೊಂದು ಕಮಾನಿನಂಥ ಗೆರೆಗಳು, ಅಂಚಿನ ಹತ್ತಿರ ತುಕ್ಕಿನ ಕಂದು, ಉಳಿದ ಸ್ವಲ್ಪ ಭಾಗ ಮಾತ್ರ ಹೊಳೆಯುವ ಒರಟು. ಒಂದೇ ಏಟಿಗೆ ಮುರಿದ ಬೋಲ್ಟ್ ಹೀಗಿರುವುದಿಲ್ಲ. ಬಿರುಕು ಬಹಳ ಹಿಂದೆಯೇ ಹುಟ್ಟಿ, ಲ್ಯಾಂಡಿಂಗ್‌ನಿಂದ ಲ್ಯಾಂಡಿಂಗ್‌ಗೆ ಬೆಳೆದಿತ್ತು. ತುಂಡುಗಳನ್ನು ಬೇರೆ ಬೇರೆ ಒಣ ಚೀಲಗಳಲ್ಲಿಟ್ಟು ಅಧಿಕಾರಿಗಳಿಗೆ ಒಪ್ಪಿಸಿದೆ. ಮುಂದೆ ಪ್ರಯೋಗಾಲಯದ ವರದಿಯೂ ಲೋಹದ ದಣಿವು ಎಂದೇ ಹೇಳಿತು. ಜೋರಾಗಿ ಇಳಿದಿದ್ದರೆ ಹಿಂದಿನ ಗಾಲಿಗಳ ಜೋಡಣೆಯಲ್ಲಿ, ಸುತ್ತಲಿನ ರಿವೆಟ್‌ಗಳಲ್ಲಿ ಅದರ ಕುರುಹು ಇರಬೇಕಿತ್ತು, ಇರಲಿಲ್ಲ. ಹುಡುಗ ಹೇಳಿದ್ದು ನಿಜವಾಗಿತ್ತು.

ಕಾರಣ ಹಳೆಯ ದಾಖಲೆಗಳಲ್ಲಿ ಸಿಕ್ಕಿತು. ಪೆಡಲ್ ನಡುಗುತ್ತದೆ ಎಂದು ಪೈಲಟ್‌ಗಳು ಬರೆದಾಗಲೆಲ್ಲ ಗಾಲಿಯ ನಡುಕ ತಡೆಯುವ ಶಿಮ್ಮಿ ಡ್ಯಾಂಪರ್‌ಗೆ ಎಣ್ಣೆ ತುಂಬಿ ಸಹಿ ಹಾಕಲಾಗಿತ್ತು. ಟಾರ್ಕ್ ಲಿಂಕ್‌ನ ಬುಶ್‌ಗಳು (ಬೋಲ್ಟ್ ಕೂರುವ ಸಣ್ಣ ಕೊಳವೆಗಳು) ಸವೆದು ಬೋಲ್ಟ್ ಅಲುಗಾಡುತ್ತಿದ್ದುದನ್ನು ಯಾರೂ ಬಿಚ್ಚಿ ನೋಡಿರಲಿಲ್ಲ.

ದುರಸ್ತಿಯ ಹೊತ್ತಿಗೆ, ಪ್ರೊಪೆಲ್ಲರ್ ಬದಲಿಸಿದರೆ ಸಾಕಲ್ಲವೇ ಎಂಬ ಪ್ರಶ್ನೆ ಬಂತು. ನಾನು ಒಪ್ಪಲಿಲ್ಲ. ತಿರುಗುತ್ತಿರುವ ಪ್ರೊಪೆಲ್ಲರ್ ನೆಲಕ್ಕೆ ಬಡಿದಾಗ ಆ ಹೊಡೆತ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ಮೂಲಕ ಹಿಂದಿನ ಗೇರ್‌ವರೆಗೂ ಹೋಗುತ್ತದೆ. ಆ ಗೇರನ್ನು ಶಾಫ್ಟ್‌ಗೆ ಸರಿಯಾಗಿ ಕೂರಿಸುವ ಸಣ್ಣ ಡಾವೆಲ್ ಪಿನ್ ತುಂಡಾದರೆ ಎಂಜಿನ್ ಆಕಾಶದಲ್ಲೇ ನಿಲ್ಲುತ್ತದೆ. ಎಂಜಿನ್ ತಯಾರಿಸುವ ಲೈಕಮಿಂಗ್ ಕಂಪನಿಯ 533ನೇ ಸರ್ವಿಸ್ ಬುಲೆಟಿನ್ (ನಿರ್ವಹಣೆಯ ಸೂಚನಾಪತ್ರ) ಈ ವಿಷಯದ ಕುರಿತೇ ಇದೆ. ಎಂಜಿನ್ ಇಳಿಸಿ, ಪೂರ್ತಿ ಬಿಚ್ಚಿಸಿ, ಬಿರುಕಿನ ಪರೀಕ್ಷೆ ಮಾಡಿಸಿದ ಮೇಲೆಯೇ ವಿಮಾನವನ್ನು ಹಾರಾಟಕ್ಕೆ ಬಿಟ್ಟೆ.

ಈಗ ನಡುಕದ ದೂರು ಬಂದರೆ ವಿಮಾನದ ಬಾಲಕ್ಕೆ ಭಾರ ಕಟ್ಟಿ ಮೂತಿ ಎತ್ತಿಸುತ್ತೇನೆ. ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದಾಗ ಲಿಂಕ್‌ನಲ್ಲಿ ಸಡಿಲ ಕಂಡರೆ ಬೋಲ್ಟ್ ಹೊರಗೆ ಬರಬೇಕು, ಬುಶ್ ಅಳೆಯಬೇಕು. ಬರೀ ಎಣ್ಣೆ ತುಂಬಿದ ಕೆಲಸಕ್ಕೆ ನಾನು ಸಹಿ ಹಾಕುವುದಿಲ್ಲ.