ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ಮಗುವಿನ ಗಂಟಲು ನೋವಿಗೆ ಮನೆಯ ಉಪಚಾರ

ಟಾನ್ಸಿಲ್ ತೆಗೆಸಿಕೊಂಡು ಮನೆಗೆ ಬಂದ ಮಗು ಮೊದಲೆರಡು ದಿನ ಚೇತರಿಸಿಕೊಂಡಂತೆ ಕಂಡರೂ ಮೂರನೆಯ ದಿನದಿಂದ ಮತ್ತೆ ನರಳತೊಡಗುವುದುಂಟು. ನೋವು ಪೂರ್ತಿ ಇಳಿಯಲು 10ರಿಂದ 14 ದಿನ ಹಿಡಿಯಬಹುದು. ಗಾಯದ ಮೇಲೆ ಬಿಳಿ ಪೊರೆ ಕಟ್ಟುವುದು, ಬಾಯಿ ವಾಸನೆ ಬರುವುದು ಸಹಜ. ಗಂಟಲಿನ ನೋವು ನರದ ಮೂಲಕ ಕಿವಿಯಲ್ಲೂ ಕಾಣಿಸಿಕೊಳ್ಳುತ್ತದೆ. ಅದಕ್ಕಾಗಿ ಕಿವಿಗೆ ಎಣ್ಣೆ ಬಿಡಬಾರದು.

ಮನೆಮದ್ದುಗಳಲ್ಲಿ ಮೊದಲ ಸ್ಥಾನ ನೀರಿನದೇ. ನೋವಿಗೆ ಹೆದರಿ ಮಗು ನುಂಗುವುದನ್ನು ಬಿಡುತ್ತದೆ, ಬಿಟ್ಟಷ್ಟೂ ಗಂಟಲು ಒಣಗಿ ನೋವು ಹೆಚ್ಚುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ, ಬಿಸಿಲು 40 ಡಿಗ್ರಿ ದಾಟುವಾಗ, ಇದು ಇನ್ನೂ ಬೇಗ ಆಗುತ್ತದೆ. ಆದ್ದರಿಂದ ಲೋಟ ತುಂಬಿಸಿ ಒತ್ತಾಯಿಸುವ ಬದಲು, ಎಚ್ಚರವಿರುವಷ್ಟು ಹೊತ್ತು ಆಗಾಗ ಎರಡೆರಡು ಚಮಚ ತಣ್ಣೀರು, ಎಳನೀರು, ಹುಳಿಯಿಲ್ಲದ ತೆಳು ಮಜ್ಜಿಗೆ ಕುಡಿಸಬೇಕು. ಐಸ್‌ಕ್ರೀಮ್ ಕೊಟ್ಟರೆ ನೆಗಡಿಯಾದೀತೆಂಬ ಅಜ್ಜಿಯಂದಿರ ಆತಂಕವನ್ನು ಈ ಕೆಲವು ದಿನಗಳ ಮಟ್ಟಿಗೆ ಪಕ್ಕಕ್ಕಿಡುವುದೇ ಒಳ್ಳೆಯದು.

ಊಟಕ್ಕೆ ಆರಿದ ಜೋಳದ ಅಂಬಲಿ, ಮೊಸರು ಬೆರೆಸಿ ನುಣ್ಣಗೆ ಕಿವುಚಿದ ಅನ್ನ ಸಾಕು. ಕಟಿ ರೊಟ್ಟಿಯ (ಒಣಗಿಸಿದ ಗಟ್ಟಿ ಜೋಳದ ರೊಟ್ಟಿಯ) ಚೂರು ಗಾಯವನ್ನು ಕೆರೆಯುತ್ತದೆ. ಶೇಂಗಾ ಹಿಂಡಿಯ ಖಾರ, ನಿಂಬೆ, ಟೊಮೆಟೊ ಉರಿಸುತ್ತವೆ. ಒಂದು ವರ್ಷ ದಾಟಿದ ಮಗುವಿಗೆ ಒಂದು ಚಮಚ ಜೇನುತುಪ್ಪ ಹಿತ ನೀಡಬಹುದು. ಅದಕ್ಕಿಂತ ಚಿಕ್ಕ ಮಗುವಿಗೆ ಜೇನು ಕೊಡಲೇಬಾರದು. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕುತ್ತಿಗೆಯ ಮೇಲೆ ಸಡಿಲವಾಗಿ ಇಡಬಹುದು. ಮೆಣಸಿನ ಕಷಾಯ, ಜೋರಾಗಿ ಬಾಯಿ ಮುಕ್ಕಳಿಸುವುದು, ಬೆರಳಿನಿಂದ ಗಂಟಲಿಗೆ ಅರಿಶಿನ ಹಚ್ಚುವುದು ಬೇಡವೇ ಬೇಡ.

ಇವೆಲ್ಲ ಔಷಧಿಗೆ ಜೊತೆಯೇ ಹೊರತು ಬದಲಿಯಲ್ಲ. ಮಗುವಿನ ತೂಕ ನೋಡಿ ವೈದ್ಯರು ಬರೆದುಕೊಟ್ಟ ಪ್ಯಾರಾಸಿಟಮಾಲ್ ಅನ್ನು ಅಳು ಶುರುವಾಗುವ ತನಕ ಕಾಯದೆ ಹೇಳಿದ ಹೊತ್ತಿಗೇ ಕೊಟ್ಟು, ಅರ್ಧ ಗಂಟೆಯ ನಂತರ ಉಣಿಸಿದರೆ ನುಂಗುವುದು ಸುಲಭ. ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸಬಲ್ಲದು, ಕೊಡೀನ್ ಇರುವ ಸಿರಪ್ ಮಗುವಿನ ಉಸಿರಾಟವನ್ನು ಕುಗ್ಗಿಸಬಲ್ಲದು. ಮನೆಯಲ್ಲಿದ್ದರೂ ಎರಡನ್ನೂ ಕೊಡಬಾರದು.

ಪೊರೆ ಕಳಚುವ 5ರಿಂದ 10ನೆಯ ದಿನಗಳಲ್ಲಿ ರಕ್ತಸ್ರಾವದ ಭಯವಿರುತ್ತದೆ. ಆಳಂದ, ಚಿಂಚೋಳಿ ಕಡೆಯ ಹಳ್ಳಿಗಳವರು ಅಷ್ಟು ದಿನ ನಗರದ ನೆಂಟರ ಮನೆಯಲ್ಲಿ ಉಳಿಯುವುದು ಕ್ಷೇಮ. ಬಾಯಲ್ಲಿ ಕೆಂಪು ರಕ್ತ ಕಂಡರೆ, ಉಸಿರಾಟ ಕಷ್ಟವಾದರೆ, ಎಂಟು ಗಂಟೆ ಮೂತ್ರವೇ ಆಗದಿದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ರಕ್ತ ಬರುತ್ತಿದ್ದರೆ ದಾರಿಯಲ್ಲಿ ಏನನ್ನೂ ತಿನ್ನಿಸದೆ, ಮಗುವನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ರಕ್ತವನ್ನು ನುಂಗದೆ ಉಗುಳುವಂತೆ ನೋಡಿಕೊಳ್ಳಬೇಕು.