ಬಲ್ಬ್ ಹಚ್ಚಲು ಅವಸರ ಬೇಡ: ತರಗೆಲೆಯ ಪುಟ್ಟ ಜೀವಿಗಳನ್ನು ಹಿಡಿದು ನೋಡುವುದು ಹೇಗೆ?

ಕಾಡಿನಲ್ಲಿ ಉದುರಿದ ಎಲೆಯನ್ನು ಕೊಳೆಸುವುದು ಬೂಸ್ಟು ಮತ್ತು ಬ್ಯಾಕ್ಟೀರಿಯಾ, ನಿಜ. ಆದರೆ ಅವು ಎಲ್ಲಿ, ಎಷ್ಟು ಬೆಳೆಯಬೇಕು ಅನ್ನುವುದರಲ್ಲಿ ನುಸಿಗಳ (ಎಂಟು ಕಾಲಿನ ಪುಟಾಣಿ ಜೀವಿಗಳು) ಮತ್ತು ಸ್ಪ್ರಿಂಗ್‌ಟೇಲ್‌ಗಳ (ಬಾಲದಂಥ ಅಂಗದಿಂದ ಚಿಮ್ಮಿ ಜಿಗಿಯುವ, ರೆಕ್ಕೆಯಿಲ್ಲದ ಪುಟಾಣಿಗಳು) ಕೈವಾಡವೂ ಇದೆ. ಓದಿ ನಂಬುವುದಕ್ಕಿಂತ ಹಿಡಿದು ನೋಡಿ. 1905ರಲ್ಲಿ ಇಟಲಿಯ ಆಂಟೋನಿಯೊ ಬೆರ್ಲೇಸೆ ಬಿಸಿನೀರಿನಿಂದ ಲಾಳಿಕೆ ಕಾಯಿಸಿ ಇವುಗಳನ್ನು ಇಳಿಸಿದರು: ಶಾಖಕ್ಕೆ ಎಲೆ ಒಣಗುತ್ತಾ ಬಂದಂತೆ ಅವು ತೇವ ಹುಡುಕಿ ಕೆಳಗಿಳಿದು ಡಬ್ಬಿಗೆ ಬೀಳುತ್ತವೆ. ಆಮೇಲೆ ಸ್ವೀಡನ್ನಿನ ಟುಲ್‌ಗ್ರೆನ್ ಬಿಸಿನೀರಿನ ಬದಲು ಬಲ್ಬ್ ತಂದರು. ನಮ್ಮದೂ ಅದೇ ದಾರಿ.

ಮೇಲಿನ ಗರಿಗರಿ ಎಲೆ ಸರಿಸಿ, ಕೆಳಗಿನ ತೇವದ, ಅರ್ಧ ಕೊಳೆತ ಪದರವನ್ನು ಎರಡು ಹಿಡಿ ತೆಗೆದುಕೊಳ್ಳಿ. ಅದುಮಬೇಡಿ, ಬಿಸಿಲಲ್ಲಿ ಇಡಬೇಡಿ. ಲಾಳಿಕೆಯೊಳಗೆ 2 ಮಿ.ಮೀ. ಕಣ್ಣಿನ ಜಾಲರಿ, ಕೆಳಗೆ ಡಬ್ಬಿ. ಅಷ್ಟೇ.

ಎಲ್ಲರೂ ಕೆಡಿಸುವುದು ಮುಂದಿನ ಹಂತವನ್ನು. ಬೇಗ ಆಗಲಿ ಅಂತ ದೊಡ್ಡ ಬಲ್ಬನ್ನು ಎಲೆಗೆ ತಾಗುವಷ್ಟು ಹತ್ತಿರ ಹಚ್ಚುತ್ತಾರೆ, ಎಲೆ ಒಣಗುವ ವೇಗಕ್ಕೆ ಜೀವಿಗಳು ಕೆಳಗೆ ನಡೆಯಲಾಗದೆ ಅಲ್ಲೇ ಸುಟ್ಟುಹೋಗುತ್ತವೆ, ಆಮೇಲೆ ‘ಈ ಮಣ್ಣಲ್ಲಿ ಏನೂ ಇಲ್ಲ’ ಅಂತ ದೂರು ಬೇರೆ! ಎಲೆಪದರ ಮೂರ್ನಾಲ್ಕು ಸೆಂ.ಮೀ. ಮೀರದಿರಲಿ. ಮೇಲ್ಭಾಗ ಕೆಳಗಾಗುವಂತೆ ಮಗುಚಿ ಇಡಿ, ಅವು ಓಡಾಡುವ ಸಂದುಗಳು ಆ ಕಡೆಗೇ ಜಾಸ್ತಿ ತೆರೆದಿರುತ್ತವೆ. ಲಾಳಿಕೆಯ ಗೋಡೆಗೂ ಎಲೆಗೂ ನಡುವೆ ಗಾಳಿಯಾಡಲು ಜಾಗ ಬಿಡಿ, ಇಲ್ಲದಿದ್ದರೆ ಒಳಗೋಡೆಯಲ್ಲಿ ಬೆವರಿದ ನೀರಿಗೆ ಅಂಟಿಕೊಂಡೇ ಸಾಯುತ್ತವೆ. ಮೊದಲ ದಿನ ಬಲ್ಬೇ ಬೇಡ. ಆಮೇಲೆ 25 ವ್ಯಾಟ್‌ನದ್ದು, ಒಂದು ಗೇಣು ಎತ್ತರದಲ್ಲಿ. ಎಲ್‌ಇಡಿ ತರಬೇಡಿ, ಅದರಲ್ಲಿ ಬೆಳಕಿದೆ, ಬೇಕಾದ ಶಾಖವಿಲ್ಲ. ಐದಾರು ದಿನ ಸುಮ್ನೆ ಬಿಡಿ. ಅಲುಗಾಡಿಸಿದರೆ ಡಬ್ಬಿ ತುಂಬಾ ಮಣ್ಣು.

ಡಬ್ಬಿಗೆ ಸ್ಪಿರಿಟ್ ಹಾಕುವವರಿದ್ದಾರೆ. ನನಗಂತೂ ಒದ್ದೆ ಟಿಶ್ಯೂ ಇಷ್ಟ, ಜೀವಂತವಾಗಿ ಸಿಗುತ್ತವೆ. ಈಗ ಮೂರು ಮುಚ್ಚಳಗಳಲ್ಲಿ ಬೂಸ್ಟು ಹಿಡಿದ ಒದ್ದೆ ಎಲೆ ಇಡಿ. ಒಂದರಲ್ಲಿ ಯಾವ ಜೀವಿಯೂ ಬೇಡ, ಇನ್ನೊಂದಕ್ಕೆ ನಾಲ್ಕೈದು ಸ್ಪ್ರಿಂಗ್‌ಟೇಲ್, ಮತ್ತೊಂದಕ್ಕೆ ಐವತ್ತು. ಮೇಲೆ ಗಾಜು ಮುಚ್ಚಿ, ಅವು ಹಾರುತ್ತವೆ. ಭೂತಕನ್ನಡಿಯಲ್ಲಿ ದಿನಾ ನೋಡಿ. ಐವತ್ತಿದ್ದಲ್ಲಿ ಬೂಸ್ಟು ಬೋಳಾಗುತ್ತದೆ. ನಾಲ್ಕೈದೇ ಇದ್ದಲ್ಲಿ, ಹುಲ್ಲನ್ನು ಹದವಾಗಿ ಮೇಯಿಸಿದ ಹಾಗೆ, ಹೊಸ ಎಳೆ ಚಿಗುರುವುದೂ ಉಂಟು. ಎಲೆ ಮೇಲಿನ ಚುಕ್ಕೆಗಳು ಹಿಕ್ಕೆ. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದರಲ್ಲಿನ ಸಾರಜನಕ ಮತ್ತೆ ಬೂಸ್ಟಿಗೂ ಸಿಗುತ್ತದೆ. ಬೂಸ್ಟಿನ ಬೀಜಕಣಗಳು ಇವುಗಳ ಮೈಗೆ ಅಂಟಿಕೊಂಡು ಹೊಸ ಎಲೆಗೂ ಹೋಗುತ್ತವೆ.

ಒಂದು ಮಾತು. ಉದ್ದ ಕಾಲಿನ, ಸರಸರ ಓಡುವ ನುಸಿ ಕಂಡರೆ ಅದು ಬಹುಮಟ್ಟಿಗೆ ಬೇಟೆಗಾರ. ಮುಚ್ಚಳಕ್ಕೆ ಹಾಕುವ ಮೊದಲೇ ಒದ್ದೆ ಬ್ರಷ್‌ನಿಂದ ತೆಗೆದುಬಿಡಿ, ಇಲ್ಲವಾದರೆ ಸ್ವಲ್ಪ ದಿನದಲ್ಲೇ ನಿಮ್ಮ ನಾಲ್ಕೈದು ಸ್ಪ್ರಿಂಗ್‌ಟೇಲ್ ಒಂದೆರಡಕ್ಕೆ ಇಳಿದಿರುತ್ತವೆ.